ಬೀಗರ ಕಾರಿನ ಮುಳ್ಳು ನಾಲ್ಕರಲ್ಲಿ

ನಮ್ಮ ಬೆಟ್ಟದೂರು ಕೆಜಾಜಾರ್‌ನ ಬೆಳಗಿನ ಚಳಿಯಲ್ಲಿ ಮನುಷ್ಯರಿಗೇ ಹಾಸಿಗೆ ಬಿಡಲು ಮನಸ್ಸಾಗುವುದಿಲ್ಲ. ಅಂಥದ್ದರಲ್ಲಿ ಪಾಕ್ ವಾಗಿಮಾನರ ಕಾರು ಮಾತ್ರ ದಿನವೂ ಎಲ್ಲರಿಗಿಂತ ಮುಂಚೆ ಎದ್ದು, ಕೆಮ್ಮಿ, ಕ್ಯಾಕರಿಸಿ, ನೀಲಿ ಹೊಗೆ ಉಗುಳಿ ಇಡೀ ಕೇರಿಯನ್ನು ಎಬ್ಬಿಸುತ್ತಿತ್ತು. ಅವರ ಮನೆಯ ಎದುರಿಗೇ ನನ್ನ ಕಾಫಿ ಅಂಗಡಿ. ಹೀಗಾಗಿ ಈ ಕಥೆಯಲ್ಲಿ ನಾನು ನೋಡದೆ ಹೇಳುವುದು ಬಹಳ ಕಡಿಮೆ. ನೋಡಿಯೂ ಹೇಳದೆ ಬಿಡುವುದು ಇನ್ನೂ ಕಡಿಮೆ.

ಹಿರಿಯ ಗಂಡಸರಿಗೆ ನಮ್ಮಲ್ಲಿ ಪಾಕ್ ಎನ್ನುತ್ತಾರೆ, ಹೆಂಗಸರಿಗೆ ಬು, ನನ್ನಂಥ ಕಿರಿಯರಿಗೆ ಮಾಸ್. ಪಾಕ್ ವಾಗಿಮಾನರು ಆಲೂಗಡ್ಡೆ ಬೆಳೆಗಾರರ ಸಹಕಾರ ಸಂಘದಲ್ಲಿ ತೂಕದ ಗುಮಾಸ್ತರಾಗಿದ್ದು ನಿವೃತ್ತರಾದವರು. ಜೀವಮಾನವಿಡೀ ತಕ್ಕಡಿಯ ಮುಳ್ಳನ್ನೇ ನೋಡಿಕೊಂಡು ಬಂದಿದ್ದರಿಂದ, ಮುಳ್ಳು ಎಲ್ಲಿ ನಿಲ್ಲುತ್ತದೋ ಸತ್ಯವೂ ಅಲ್ಲೇ ನಿಲ್ಲುತ್ತದೆ ಎಂದು ನಂಬಿದ್ದರು. ಅವರ ಕಾರು ಹಳೆಯ ಜಪಾನಿ ಕಾರು. ಬಣ್ಣ ಮಾಗಿದ ಪಪ್ಪಾಯಿಯದು. ಎಷ್ಟು ಜನರ ಕೈ ದಾಟಿ ಬಂದಿತ್ತೋ ದೇವರಿಗೇ ಗೊತ್ತು; ಎಂಜಿನ್ನಿನ ಒಳಗೆ ಸವೆಯಬಹುದಾದದ್ದೆಲ್ಲ ಸವೆದು, ಸವೆಯಬಾರದ್ದೂ ಸವೆಯಲು ಶುರುವಾಗಿತ್ತು. ಬಿಸಿಯಾಗಿ ನಿಂತಾಗ ಆಯಿಲಿನ ಕೆಂಪು ದೀಪ ಕಣ್ಣು ಮಿಟುಕಿಸುತ್ತಿತ್ತು. ಎಂಜಿನ್ನಿನ ಮೂಲೆಮೂಲೆಗೆ ಹೋಗಬೇಕಾದ ಆಯಿಲು ಹೋಗಬೇಕಾದ ಒತ್ತಡದಲ್ಲಿ ಹೋಗುತ್ತಿಲ್ಲ ಎಂದು ಅದರ ಅರ್ಥ.

ಬೇರೆಯವರಾದರೆ ಎಂಜಿನ್ ಬಿಚ್ಚಿಸುತ್ತಿದ್ದರು. ಇವರು ಕೆಳಗಿನ ವೊನೊಸೊಬೊ ಪೇಟೆಗೆ ಹೋಗಿ, ಹಳೆಯ ಸಾಮಾನಿನ ಅಂಗಡಿಯಿಂದ ಆಯಿಲ್ ಒತ್ತಡ ತೋರಿಸುವ ಮೀಟರು ತಂದರು. ಟೀ ಸಾಸರಿನಷ್ಟು ಅಗಲ, ಸುತ್ತ ಹಿತ್ತಾಳೆಯ ಬಳೆ. ಯಾವುದೋ ಹಡಗಿನದಂತೆ. ಅದನ್ನು ಸ್ಟೀರಿಂಗಿನ ಪಕ್ಕ ಕೂರಿಸಿ, ಅಂಗಡಿಯವನು ಹೇಳಿದ ದಪ್ಪ ಆಯಿಲು ಹಾಕಿ, ಮರುದಿನ ಬೆಳಿಗ್ಗೆ ಕೊರೆಯುವ ಚಳಿಯಲ್ಲಿ ಎಂಜಿನ್ ಎಬ್ಬಿಸಿದರು. ಮುಳ್ಳು ನಡುಗುತ್ತ ಎದ್ದು ಐವತ್ತೈದರಲ್ಲಿ ನಿಂತಿತು.

"ಮಾಸ್ ಗಿಯಾರ್ತೊ! ಕಾಫಿ ಆಮೇಲೆ ಸೋಸಿ, ಬನ್ನಿ ಇಲ್ಲಿ! ಎಷ್ಟು ಓದಿ!"

"ಐವತ್ತೈದು, ಪಾಕ್."

"ಜೋರಾಗಿ!"

ಜೋರಾಗಿ ಓದಿದೆ. ಕೇರಿಯ ಮುಖಂಡ ಪಾಕ್ ರೊಹ್ಮದ್ ಬಂದು ಓದಿದರು. ವಾಗಿಮಾನರ ಅಕ್ಕ ಬು ತಾರ್ಸಿಹ್‌ಗೆ ಓದಲು ಬಾರದಿದ್ದರೂ ಆಕೆ ಬಂದು ನೋಡಿ, "ಚೆನ್ನಾಗಿ ಎದ್ದಿದೆ ಬಿಡು" ಎಂದರು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಪ್ರದರ್ಶನ. ಮಧ್ಯಾಹ್ನ ಪೇಟೆಯಿಂದ ಹಿಂದಿರುಗಿದಾಗ ಕಾಯ್ದು ಸುಡುವ ಎಂಜಿನ್ನಿನಲ್ಲಿ ಅದೇ ಮುಳ್ಳು ಹತ್ತಕ್ಕೂ ಕೆಳಗೆ ಹೋಗಿ ಮಲಗುತ್ತಿತ್ತು. ಆಗ ಅವರು ತಲೆಯ ಕಪ್ಪು ಟೊಪ್ಪಿ ತೆಗೆದು ಮೀಟರಿನ ಮೇಲೆ ಇಡುತ್ತಿದ್ದರು. ಸೆಖೆ, ಅನ್ನುತ್ತಿದ್ದರು. ನಮ್ಮ ಊರಿನಲ್ಲಿ ಸೆಖೆ!

ಈ ನಡುವೆ ಅವರ ಮಗಳು ವುರ್ಯಾನಿಗೆ ಸಂಬಂಧ ಕೂಡಿ ಬಂತು. ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹುಡುಗಿ, ಮಾತು ಸೂಜಿಯಷ್ಟೇ ಚುರುಕು. ಹುಡುಗ ಹಂದೋಕೊ, ಪೇಟೆಯ ದರ್ಜಿ ಪಾಕ್ ದಾರ್ಸೊನೊ ಅವರ ಮಗ. ದಾರ್ಸೊನೊ ಎಂದರೆ ಮಾತನ್ನೂ ಬಟ್ಟೆಯಂತೆ ಅಳೆದು ಕತ್ತರಿಸುವ ಮನುಷ್ಯ. ಹೆಣ್ಣು ಕೇಳಲು ಬಂದ ದಿನ ಅವರು ಬಂದಿಳಿದದ್ದು ಯಾವ ಕಾರಿನಲ್ಲಿ? ಅದೇ ಕಂಪನಿ, ಅದೇ ಮಾದರಿ, ಬಣ್ಣ ಮಾತ್ರ ಗಾಢ ನೀಲಿ. ಎರಡೂ ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿದಾಗ ಹೆಂಗಸರು, "ಇವುಗಳ ಜಾತಕವೂ ಕೂಡಿತು" ಎಂದು ನಕ್ಕರು.

ಊಟ, ಮಾತುಕತೆ ಎಲ್ಲ ಮುಗಿದು, ಸಂಜೆಯ ಮಂಜು ಇಳಿಯುವ ಹೊತ್ತಿಗೆ ಬೀಗರು ಹೊರಟರು. ತಣ್ಣಗಾಗಿದ್ದ ಕಾರು ಒಂದೇ ಸಲಕ್ಕೆ, ಕೆಮ್ಮದೆ, ಎದ್ದಿತು. ಬೀಳ್ಕೊಡಲು ಕಿಟಕಿಗೆ ಬಗ್ಗಿದ ವಾಗಿಮಾನರು ಬಗ್ಗಿದ ಹಾಗೇ ನಿಂತುಬಿಟ್ಟರು. ಆ ಕಾರಿನಲ್ಲೂ ಒಂದು ಮೀಟರಿತ್ತು.

"ಬೀಗರೇ, ತಪ್ಪು ತಿಳ್ಕೋಬೇಡಿ. ಇದು... ನಾಲ್ಕಾ?"

"ಹೌದು, ನಾಲ್ಕು."

"ಯಾವಾಗಿಂದ ಹೀಗೆ?"

"ನಾನು ತಗೊಂಡಾಗಿಂದ್ಲೂ ನಾಲ್ಕೇ."

"ಮನೇಲಿ ಎಲ್ರಿಗೂ ಗೊತ್ತಾ?"

ದಾರ್ಸೊನೊ ಒಂದು ಗಳಿಗೆ ಯೋಚಿಸಿ, "ಯಾರೂ ಕೇಳಿಲ್ಲ" ಎಂದರು. ವಾಗಿಮಾನರು ಕಾರಿನ ಬಾಗಿಲನ್ನು ರೋಗಿಯ ಕೈ ಒತ್ತುವಂತೆ ಒತ್ತಿ, "ಧೈರ್ಯವಾಗಿರಿ" ಎಂದು ಹೇಳಿ ಕಳಿಸಿದರು.

ಕಾರು ತಿರುವಿನಲ್ಲಿ ಮರೆಯಾಗುವುದನ್ನೇ ಕಾಯುತ್ತಿದ್ದು ಹೆಂಡತಿಯ ಕಡೆ ತಿರುಗಿದರು. "ಲಾಸಿಯೆಮ್, ನಮ್ಮದು ಐವತ್ತೈದು. ಅವರದ್ದು ನಾಲ್ಕು. ಬರೀ ನಾಲ್ಕು! ಅಷ್ಟಿಟ್ಕೊಂಡು ಆ ಮನುಷ್ಯ ಹೇಗೆ ನಗ್ತಾ ಇದ್ದ ನೋಡು!"

"ಹುಡುಗ ಕುಡಿಯಲ್ಲ, ಜೂಜಾಡಲ್ಲ. ಅಷ್ಟು ನೋಡಿದ್ರಾ?" ಎಂದರು ಬು ಲಾಸಿಯೆಮ್.

"ಎಂಜಿನ್ನೇ ಇಲ್ಲದ ಮನೇಲಿ ಹುಡುಗ ಇದ್ದು ಏನು?"

ಮರುದಿನ ನನ್ನ ಅಂಗಡಿಯಲ್ಲಿ ಇದೇ ಚರ್ಚೆ. ಪಾಕ್ ರೊಹ್ಮದ್ ಸೋಯಾಕಾಳಿನ ತೆಂಪೆ ಬಜ್ಜಿ ಮುರಿಯುತ್ತ, "ನಾಲ್ಕು ಅಂದ್ರೆ ಅದು ಓಡ್ತಿಲ್ಲ, ಇಳಿಜಾರಲ್ಲಿ ಜಾರ್ತಿದೆ ಅಷ್ಟೆ" ಎಂದು ತೀರ್ಪು ಕೊಟ್ಟರು. ಅವರು ಹತ್ತಿ ಬಂದದ್ದು ಏರುದಾರಿ ಎಂದು ನಾನು ನೆನಪಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಬು ತಾರ್ಸಿಹ್, "ಕಾರಲ್ಲೇ ಒತ್ತಡ ಇಲ್ಲ ಅಂದ್ಮೇಲೆ ಆ ಮನೇಲಿ ಇನ್ಯಾವುದರಲ್ಲಿ ಇರುತ್ತೆ?" ಎಂದದ್ದನ್ನು ಮಾತ್ರ ಎಲ್ಲರೂ ಕೇಳಿಸಿಕೊಂಡರು.

ಬೀಗರ ಮನೆಗೆ ನಮ್ಮ ಕಡೆಯಿಂದ ಉಡುಗೊರೆ ತಟ್ಟೆಗಳು ಹೋಗಬೇಕಿತ್ತು. ಒಂದರಲ್ಲಿ ಬಾಳೆಗೊನೆ, ಒಂದರಲ್ಲಿ ಬೆಲ್ಲದ ಅಂಟಕ್ಕಿ ಸಿಹಿ, ಒಂದರಲ್ಲಿ ಬಾತಿಕ್ ಬಟ್ಟೆ. ನಾಲ್ಕನೆಯ ತಟ್ಟೆಯನ್ನು ವಾಗಿಮಾನರು ತಾವೇ ಹೊತ್ತರು. ಪಾರದರ್ಶಕ ಹಾಳೆ ಸುತ್ತಿ, ಕೆಂಪು ರಿಬ್ಬನ್ನಿನ ಹೂವು ಕಟ್ಟಿದ್ದ ಆ ತಟ್ಟೆಯಲ್ಲಿ ಕೂತಿದ್ದದ್ದು ಪೇಟೆಯಲ್ಲಿ ಸಿಗುವ ಅತಿ ದಪ್ಪ ಎಂಜಿನ್ ಆಯಿಲಿನ ಡಬ್ಬಿ. ಬೀಗರ ಕಡೆಯ ನೆಂಟರು ನಲವತ್ತು ಮಂದಿಯ ಎದುರಿಗೆ ಅದನ್ನು ಕೊಟ್ಟು, "ಬೇಜಾರು ಮಾಡ್ಕೋಬೇಡಿ, ವಯಸ್ಸಾದ್ಮೇಲೆ ಎಲ್ಲರ ಮನೇಲೂ ಇದ್ದದ್ದೇ" ಎಂದರು.

ದಾರ್ಸೊನೊ ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡು, "ದೊಡ್ಡ ಮನಸ್ಸು" ಎಂದರು. ಅಷ್ಟೇ.

ಆ ವಾರವೇ ಹಂದೋಕೊ ಒಂದು ಪೊಟ್ಟಣ ತಂದುಕೊಟ್ಟ. ಒಳಗೆ ಕಪ್ಪು ಮಖಮಲ್ಲಿನ ಪುಟ್ಟ ಗೌಸು. ದುಂಡಗೆ ಕತ್ತರಿಸಿ, ಅಂಚು ಮಡಿಸಿ, ಎಲಾಸ್ಟಿಕ್ ಹಾಕಿ ಹೊಲಿದದ್ದು. ಮೀಟರಿನ ಬಳೆಗೆ ಅಳತೆ ತೆಗೆದ ಹಾಗೆ ಕೂರುತ್ತಿತ್ತು.

"ಅಪ್ಪ ಹೇಳಿದ್ರು, ಅಷ್ಟು ಎತ್ತರಕ್ಕೇರೋ ಮುಳ್ಳಿಗೆ ಯಾರ ದೃಷ್ಟಿನೂ ತಾಗಬಾರದಂತೆ."

ವಾಗಿಮಾನರಿಗೆ ಆನಂದ. ತಕ್ಷಣ ಮೀಟರಿಗೆ ಹಾಕಿ, ನನ್ನನ್ನು ಕರೆದು ತೋರಿಸಿದರು. "ಎಷ್ಟು ಗೌರವ ನೋಡಿ ಮಾಸ್! ಕಳಿಸಿದ ಆಯಿಲಿನ ಋಣ ಅದು." ಬು ಲಾಸಿಯೆಮ್ ಒಳಗಿನಿಂದ, "ಬಾಯಿ ಮುಚ್ಕೊಳ್ಳಿ ಅಂತ ಬಟ್ಟೇಲಿ ಹೊಲಿದು ಕಳಿಸಿದಾರೆ ನಿಮಗೆ!" ಎಂದ ಮೇಲೆ ಅವರ ಮುಖ ಕೆಂಪು ದೀಪವಾಯಿತು.

ಆಮೇಲೆ ನಡೆದದ್ದನ್ನು ಯುದ್ಧ ಎನ್ನಲಾಗದು, ಏಕೆಂದರೆ ಇಬ್ಬರೂ ಒಂದು ಮಾತೂ ಜೋರಾಗಿ ಆಡಲಿಲ್ಲ. ನಮ್ಮ ಮಗಳು ನಾಲ್ಕರ ಕಾರು ಹತ್ತುವುದಿಲ್ಲ ಎಂದು ಇವರು ಹೇಳಿಕಳಿಸಿದರು. ನಮ್ಮವರೂ ಐವತ್ತೈದರ ಕಾರಿಗೆ ಕಾಲಿಡುವುದಿಲ್ಲ ಎಂದು ಅವರು ಹೇಳಿಕಳಿಸಿದರು. ನೆಂಟರು ಎರಡು ಗುಂಪಾದರು. ಮದುವೆಯ ದಿನ ಮುಂದಕ್ಕೆ ಹೋದರೆ ಒಳ್ಳೆಯದೇನೋ ಎಂದು ಬು ತಾರ್ಸಿಹ್ ಅಲ್ಲಿ ಇಲ್ಲಿ ಆಡತೊಡಗಿದ್ದು ವುರ್ಯಾನಿಯ ಕಿವಿಗೆ ಬಿತ್ತು. ಅವಳು ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದು ಅಪ್ಪನ ಕಾರಿನ ಮುಂದೆ ನಿಂತಳು.

"ಅಪ್ಪಾ, ನಾನು ಮದುವೆ ಆಗ್ತಿರೋದು ಹಂದೋಕೊನ್ನ. ಅವರ ಎಂಜಿನ್ನನ್ನ ಅಲ್ಲ."

"ನಿನಗೆ ಈಗ ಗೊತ್ತಾಗಲ್ಲ ಮಗಳೇ."

"ಇನ್ನೊಂದು ಸಲ ನಾಲ್ಕು ಅಂತ ನಿಮ್ಮ ಬಾಯಲ್ಲಿ ಬಂದ್ರೆ ನಾವಿಬ್ರೂ ಆಫೀಸಿಗೆ ಹೋಗಿ ನಿಕಾಹ್ ಮಾಡ್ಕೊಂಡ್ ಬರ್ತೀವಿ. ಊಟ ಇಲ್ಲ, ಚಪ್ಪರ ಇಲ್ಲ, ನಿಮ್ಮ ಕಾರು ನೋಡೋಕೆ ಒಬ್ಬ ನೆಂಟನೂ ಬರಲ್ಲ."

ಕೊನೆಯ ಮಾತು ನಾಟಿತು. ರಾಜಿಯಾಯಿತು. ಬೀಗರು ತಮ್ಮ ಕಾರಿನಲ್ಲಿ ತಾವು ಬರುವುದು. ನಿಕಾಹ್ ಮಾಡಿಸುವ ಸರಕಾರಿ ಖಾಜಿ ಪಾಕ್ ಮುಹ್ಸಿನರನ್ನು ಪೇಟೆಯಿಂದ ಕರೆತರುವ ಗೌರವ ಐವತ್ತೈದಕ್ಕೆ.

ಆದರೆ ಖಾಜಿಗಳಿಗೆ ಐವತ್ತೈದು ಸಾಕೇ? ಸಾಲದು ಎಂದು ವಾಗಿಮಾನರಿಗೆ ಅನ್ನಿಸಿತು. ಮದುವೆಯ ಹಿಂದಿನ ದಿನ ಆಯಿಲ್ ಅಂಗಡಿಗೆ ಹೋದರು. ಜೊತೆಗೆ ನಾನೂ ಇದ್ದೆ.

"ಇದಕ್ಕಿಂತ ದಪ್ಪ ಬೇಕು."

"ಇದಕ್ಕಿಂತ ದಪ್ಪ ಲಾರಿಗೆ ಹಾಕೋದು, ಪಾಕ್."

"ಅದಕ್ಕಿಂತ?"

"ಲಾರಿಯ ಗೇರ್ ಬಾಕ್ಸಿಗೆ."

"ಅದಕ್ಕಿಂತ?"

"ಅದಕ್ಕಿಂತ ದಪ್ಪ ಅಂದ್ರೆ ರಸ್ತೆಗೆ ಹಾಕೋ ಟಾರು."

ಟಾರಿನ ಹಿಂದಿನ ಮೆಟ್ಟಿಲಲ್ಲಿ ನಿಂತು, ಗೇರ್ ಆಯಿಲನ್ನೇ ತಂದು ಎಂಜಿನ್ನಿಗೆ ಸುರಿದರು. ಅದು ಜೇನಿನಂತೆ ಎಳೆಯೆಳೆಯಾಗಿ ಇಳಿಯುವುದನ್ನು ತಾಯಿ ಮಗುವಿನ ಬಾಯಿಗೆ ಗಂಜಿ ಹೋಗುವುದನ್ನು ನೋಡುವಂತೆ ನೋಡಿದರು.

ಮದುವೆಯ ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಬಿಳಿಯಾಗಿ ಕೂತಿತ್ತು. ಬಾಗಿಲಿಗೆ ಎಳೆ ತೆಂಗಿನ ಗರಿಯ ತೋರಣ, ಅಂಗಳದಲ್ಲಿ ಚಪ್ಪರ, ಒಳಗೆ ವುರ್ಯಾನಿಯ ಹಣೆಗೆ ಮದುಮಗಳ ಕಪ್ಪು ಅಲಂಕಾರ ತಿದ್ದುತ್ತಿದ್ದ ಹೆಂಗಸರು. ವಾಗಿಮಾನರು ರೇಷ್ಮೆ ಅಂಚಿನ ಕೋಟು ತೊಟ್ಟು, ಮಖಮಲ್ಲಿನ ಗೌಸನ್ನು ಕಿತ್ತು ಜೇಬಿಗಿಟ್ಟು, ಕೀಲಿ ತಿರುಗಿಸಿದರು. ಕಾರು ನರಳಿತು. ಇನ್ನೊಮ್ಮೆ ತಿರುಗಿಸಿದರು. ಮತ್ತೂ ನರಳಿ, ಕೊನೆಗೆ ನೆಲ ನಡುಗುವಂತೆ ಎದ್ದಿತು. ಮುಳ್ಳು ಹೊರಟಿತು.

"ಐವತ್ತೈದು!" ವಾಗಿಮಾನರು ಕಿಟಕಿಯಿಂದ ಕೂಗಿದರು. "ಎಪ್ಪತ್ತು!" ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು. "ಎಂಬತ್ತು! ತೊಂಬತ್ತು!" ಪಾಕ್ ರೊಹ್ಮದ್ ಚಪ್ಪಾಳೆ ತಟ್ಟುತ್ತ ಬಾನೆಟ್ಟಿನ ಹತ್ತಿರ ಬಂದರು.

ಫಟ್!

ಚಳಿಗೆ ಇನ್ನಷ್ಟು ಗಟ್ಟಿಯಾಗಿದ್ದ ಆಯಿಲು ಮುಂದೆ ಹರಿಯಲಾರದೆ ಫಿಲ್ಟರಿನ ರಬ್ಬರನ್ನೇ ಕಿತ್ತುಕೊಂಡು ಹೊರಗೆ ನುಗ್ಗಿತ್ತು. ತೋರಣದ ಮೇಲೆ, ಚಪ್ಪರದ ಕಂಬದ ಮೇಲೆ, ಪಾಕ್ ರೊಹ್ಮದರ ಹೊಸ ಬಾತಿಕ್ ಅಂಗಿಯ ಮೇಲೆ. ಮುಳ್ಳು ತೊಂಬತ್ತರಿಂದ ಸೊನ್ನೆಗೆ ಬಿತ್ತು. ವಾಗಿಮಾನರು ಎಂಜಿನ್ ನಿಲ್ಲಿಸಿದರು. ಆ ಮೌನದಲ್ಲಿ ಕೆಳಗಿನ ತಿರುವಿನಿಂದ ಒಂದು ಕಾರು ಹತ್ತಿ ಬರುವ ಸದ್ದು ಕೇಳಿಸಿತು. ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ.

ಮದುಮಗನನ್ನೂ ಅವನ ತಾಯಿಯನ್ನೂ ಇಳಿಸಿ ದಾರ್ಸೊನೊ ಇಳಿದರು. ತೋರಣ ನೋಡಿದರು. ರೊಹ್ಮದರನ್ನು ನೋಡಿದರು. ಬೀಗರನ್ನು ನೋಡಿದರು.

"ಖಾಜಿಗಳು?"

"ಪೇಟೇಲಿ... ಆಫೀಸಿನ ಹತ್ರ ಕಾಯ್ತಿದಾರೆ. ಹನ್ನೊಂದಕ್ಕೆ ಅವರಿಗೆ ಇನ್ನೊಂದು ಮದುವೆ ಇದೆಯಂತೆ." ಎಂದರು ವಾಗಿಮಾನರು. ಇವರು ಹೋಗದಿದ್ದರೆ ಖಾಜಿ ನೇರ ಅಲ್ಲಿಗೆ ಹೋಗುತ್ತಾರೆ; ಇವತ್ತು ಇಲ್ಲಿ ನಿಕಾಹ್ ಇಲ್ಲ. ಒಳಗಿನ ಕಿಟಕಿಯಲ್ಲಿ ಅರ್ಧ ತಿದ್ದಿದ ಹಣೆಯ ವುರ್ಯಾನಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು.

ದಾರ್ಸೊನೊ ತಮ್ಮ ಕಾರಿನ ಬಾಗಿಲು ತೆರೆದರು. "ಹತ್ತಿ, ಬೀಗರೇ."

"ನಾಲ್ಕ..." ಎಂದು ಶುರುಮಾಡಿದ ವಾಗಿಮಾನರು ಕಿಟಕಿಯ ಕಡೆ ನೋಡಿ ಬಾಯಿ ಮುಚ್ಚಿ ಹತ್ತಿದರು. ಆಮೇಲೆ ತಲೆ ಹೊರಗೆ ಹಾಕಿ ಪಿಸುಗುಟ್ಟಿದರು: "ಮಾಸ್ ಗಿಯಾರ್ತೊ, ನೀವೂ ಬನ್ನಿ. ತಳ್ಳೋಕೆ ಒಬ್ರು ಬೇಕಾಗುತ್ತೆ."

ಕಾರು ಇಳಿಜಾರಿಗೆ ಹೊರಳಿತು. ವಾಗಿಮಾನರ ಕಣ್ಣು ಮೀಟರಿನಿಂದ ಕದಲಲಿಲ್ಲ. ಗಾರುಂಗ್ ಸಂತೆಯ ಹತ್ತಿರ ಆಲೂಗಡ್ಡೆಯ ಲಾರಿಯೊಂದು ಅಡ್ಡ ನಿಂತಿತ್ತು. ನಮ್ಮ ಕಾರೂ ನಿಂತಿತು. ಮುಳ್ಳು ಮೆಲ್ಲಗೆ ಕೆಳಗಿಳಿಯಿತು.

"ಒಂದು! ಬೀಗರೇ, ಒಂದು!"

"ಬಿಸಿಯಾಗಿ ನಿಂತಾಗ ಒಂದೇ."

"ಮತ್ತೆ ಎದ್ದೇಳದಿದ್ರೆ?"

"ಇಳಿದು ನಡೆಯೋಣ."

ಲಾರಿ ಸರಿಯಿತು. ಮುಳ್ಳು ಎದ್ದು ನಾಲ್ಕಕ್ಕೆ ಬಂತು. ವಾಗಿಮಾನರು ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಬಿಟ್ಟ ರಭಸಕ್ಕೆ ಮುಂದಿನ ಗಾಜು ಮಬ್ಬಾಯಿತು.

ಖಾಜಿ ಪಾಕ್ ಮುಹ್ಸಿನರು ಆಫೀಸಿನ ಮೆಟ್ಟಿಲ ಮೇಲೆ ಗಡಿಯಾರ ನೋಡುತ್ತ ನಿಂತಿದ್ದರು. ಆಸ್ತಿ ಪಾಲಿನ ಲೆಕ್ಕವನ್ನು ಬಾಯಲ್ಲೇ ಹಾಕುವವರೆಂದು ಹೆಸರು. ಅವರಿಗೂ ಒಂದು ಜೀಪಿತ್ತು. ಆಫೀಸಿನ ಹಿಂದಿನ ಮರದ ಕೆಳಗೆ ವರ್ಷದಿಂದ ವಿಶ್ರಾಂತಿಯಲ್ಲಿತ್ತು. ಆದರೂ ವಾಹನಗಳ ವಿಷಯದಲ್ಲಿ ತಮ್ಮ ಮಾತೇ ಕೊನೆಯದೆಂದು ಅವರು ತಿಳಿದಿದ್ದರು. ಅವರು ಮುಂದೆ ಕೂತರು. ವಾಗಿಮಾನರು ಹಿಂದೆ ನನ್ನ ಪಕ್ಕ ಕೂತು, ಎರಡು ಸೀಟುಗಳ ನಡುವೆ ಕತ್ತು ತೂರಿಸಿದರು.

ಏರು ಶುರುವಾಯಿತು.

"ಏನ್ರೀ ಅದು, ನನ್ನ ಕಿವಿ ಹತ್ರ ಉಸಿರಾಟ?" ಎಂದರು ಖಾಜಿ.

"ಮುಳ್ಳು ನೋಡ್ತಿದೀನಿ, ಪಾಕ್. ಬರೀ ನಾಲ್ಕರಲ್ಲಿದೆ."

"ನಾಲ್ಕು ಏನು?"

"ನಾಲ್ಕು!"

"ಅದೇ ಕೇಳಿದ್ದು. ನಾಲ್ಕು ಹಲಸಿನ ಹಣ್ಣೋ, ನಾಲ್ಕು ಮೆಣಸಿನ ಕಾಯೋ?"

ಕಾರಿನಲ್ಲಿ ಯಾರೂ ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಕಾರಿನಲ್ಲೇನು, ಎರಡು ಊರಿನಲ್ಲೂ ಕೇಳಿರಲಿಲ್ಲ. ಖಾಜಿ ನಿಕಾಹ್ ಓದುವ ಕನ್ನಡಕ ತೆಗೆದು ಮೂಗಿಗೇರಿಸಿ, ಮೀಟರಿಗೆ ಮೂಗು ತಾಗಿಸಿದರು. "ಇಲ್ಲಿ ಸಣ್ಣಗೆ ಬರೆದಿದೆಯಲ್ಲ. ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಅಂತ. ನಿಮ್ಮದರಲ್ಲಿ ಎಷ್ಟಿದೆ?"

"ಐವತ್ತೈದು! ಬೆಳಿಗ್ಗೆ ತಣ್ಣಗಿದ್ದಾಗ. ಹಡಗಿನ ಮೀಟರು."

"ಹಾಗಾದ್ರೆ ಅದು ಪೌಂಡು. ಚದರ ಇಂಚಿಗೆ ಪೌಂಡು. ತೂಕದ ಗುಮಾಸ್ತರಾಗಿದ್ದವರಲ್ವಾ ನೀವು? ಕಿಲೋ ಬೇರೆ, ಪೌಂಡು ಬೇರೆ ಗೊತ್ತಿಲ್ವಾ?" ಖಾಜಿ ಕಣ್ಣು ಮುಚ್ಚಿದರು. ಮೂರು ಹೆಣ್ಣು ಎರಡು ಗಂಡು ಮಕ್ಕಳಿಗೆ ಗದ್ದೆ ಹಂಚುವಾಗಲೂ ಅವರು ಹೀಗೇ ಮುಚ್ಚುತ್ತಾರೆ. "ಇದರ ಒಂದು ಅಂದ್ರೆ ಅದರ ಹದಿನಾಲ್ಕು ಚಿಲ್ಲರೆ. ಹದಿನಾಲ್ಕು ಚಿಲ್ಲರೆ ನಾಲ್ಕ್ಲಿ... ಐವತ್ತೇಳು."

ದಾರ್ಸೊನೊ ರಸ್ತೆಯನ್ನೇ ನೋಡುತ್ತಿದ್ದರು. ಅವರ ಕತ್ತು ಮಾತ್ರ ಕಾಲರಿನಿಂದ ಒಂದಿಷ್ಟು ಮೇಲೆದ್ದಿತು.

"ತಣ್ಣಗಿದ್ದಾಗ ಬಿಡಿ, ನನ್ನ ಜೀಪಿಗೂ ಹರೆಯ ಬರುತ್ತೆ," ಎಂದು ಖಾಜಿ ಮುಂದುವರಿಸಿದರು. "ಕಾದು ನಿಂತಾಗ ಎಷ್ಟಿರುತ್ತೆ ಅದು ಹೇಳಿ. ಹಳೇ ಎಂಜಿನ್ನಿನ ಯೋಗ್ಯತೆ ಅಲ್ಲಿ ತಿಳಿಯೋದು."

ವಾಗಿಮಾನರು ತಲೆಯ ಟೊಪ್ಪಿ ತೆಗೆದು, ನೋಡಿ, ಮತ್ತೆ ಹಾಕಿಕೊಂಡರು. ಎರಡು ತಿರುವು ಕಳೆದವು. ಆಮೇಲೆ ದಾರ್ಸೊನೊ ಅವರ ಹೆಗಲ ಹತ್ತಿರ ಬಗ್ಗಿದರು.

"ಬೀಗರೇ, ಆ ಡಬ್ಬಿ..."

"ಯಾವ ಡಬ್ಬಿ?"

"ಮತ್ತೆ ಆ ಮಖಮಲ್ಲು..."

"ಎಲಾಸ್ಟಿಕ್ ಸ್ವಲ್ಪ ಬಿಗಿಯಾಯ್ತು ಅಂತ ನನಗೇ ಬೇಜಾರಿತ್ತು."

ಇನ್ನೊಂದು ತಿರುವು ಕಳೆಯಿತು. ಅದರ ಮುಂದಿನ ತಿರುವಿನಲ್ಲಿ ನನ್ನ ಪಕ್ಕದ ಮನುಷ್ಯ ನೆಟ್ಟಗೆ ಕೂತು, ಕೋಟಿನ ಅಂಚು ಸರಿಮಾಡಿಕೊಂಡು, ಗಟ್ಟಿ ದನಿಯಲ್ಲಿ, "ಎರಡು ಹೆಚ್ಚು!" ಎಂದರು. "ಕೇಳಿದ್ರಾ ಮಾಸ್? ನಮ್ಮ ಬೀಗರದ್ದು ನನಗಿಂತ ಎರಡು ಹೆಚ್ಚು! ನಾನು ಸುಮ್ನೆ ಎಲ್ಲೆಂದರಲ್ಲಿ ಹೆಣ್ಣು ಕೊಡೋನಾ?"

ಮನೆ ಮುಟ್ಟುವ ಹೊತ್ತಿಗೆ ಆ ಐವತ್ತೇಳು ಅವರ ಸ್ವಂತದ್ದಾಗಿತ್ತು. ಕಾರು ಪೂರ್ತಿ ನಿಲ್ಲುವ ಮುಂಚೆ ಇಳಿದು, ಅಂಗಳದ ಮಧ್ಯೆ ಕೈಯೆತ್ತಿ ಸಾರಿದರು. "ಐವತ್ತೇಳು! ಮುದುಕ ಎಂಜಿನ್ನು, ಖಾಜಿಗಳಂಥ ದೇಹ, ಕಡಿದಾದ ಏರು, ಆದ್ರೂ ಐವತ್ತೇಳು! ನಮ್ಮ ಬೀಗರು!"

"ನಿನ್ನೆವರೆಗೆ ನಾಲ್ಕಿತ್ತಲ್ಲೋ?" ಎಂದರು ಬು ತಾರ್ಸಿಹ್.

"ಅಳತೆ ಬೇರೆ ಅಕ್ಕಾ, ಅಳತೆ!"

"ನಾನು ಆಗಲೇ ಅಂದಿದ್ದೆ," ಎಂದರು ಪಾಕ್ ರೊಹ್ಮದ್, ಅಂಗಿಯ ಆಯಿಲು ಒರೆಸುತ್ತ.

ನಿಕಾಹ್‌ಗೆ ಕೂತರು. ಹುಡುಗಿಯ ತಂದೆ ಹುಡುಗನ ಕೈ ಹಿಡಿದು ಮೆಹರಿನ ಮಾತು ಹೇಳಬೇಕು. ಹುಡುಗ ಒಂದೇ ಉಸಿರಿಗೆ ಒಪ್ಪಬೇಕು. ಸಾಕ್ಷಿಗಳು ಸರಿ ಅನ್ನಬೇಕು. ಹುಡುಗ ಹುಡುಗಿಗೆ ಕೊಡಬೇಕಾದ ಮೆಹರು ಐದು ಗ್ರಾಂ ಬಂಗಾರವೆಂದು ನಿಶ್ಚಯವಾಗಿತ್ತು. ವಾಗಿಮಾನರು ಹಂದೋಕೊನ ಕೈ ಹಿಡಿದರು. ದನಿ ಮನೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿತ್ತು.

"ನನ್ನ ಮಗಳು ವುರ್ಯಾನಿಯನ್ನು ಐವತ್ತೇಳು ಗ್ರಾಂ ಬಂಗಾರದ ಮೆಹರಿಗೆ ನಿನಗೆ ನಿಕಾಹ್ ಮಾಡಿಕೊಟ್ಟೆ!"

ಹಂದೋಕೊನ ಬಣ್ಣ ಇಳಿಯಿತು. ಮಾತನ್ನು ಅಳೆದು ಕತ್ತರಿಸುವ ದಾರ್ಸೊನೊ ಆ ದಿನ ಮೊದಲ ಬಾರಿಗೆ ಅಳೆಯದೆ, "ಅಯ್ಯೋ!" ಎಂದರು. ಬು ತಾರ್ಸಿಹ್ ಸಾಕ್ಷಿಗಳ ಬೆನ್ನು ತಿವಿಯುತ್ತ, "ಸರಿ ಅನ್ರೋ, ಬೇಗ ಸರಿ ಅನ್ರೋ!" ಎಂದು ಅವಸರ ಮಾಡಿದರು. ಖಾಜಿ ಕೈಯೆತ್ತಿ ಎಲ್ಲರನ್ನೂ ತಡೆದು, ಗಡಿಯಾರ ನೋಡಿ, ಹಲ್ಲು ಕಚ್ಚಿ, "ಐದು, ಪಾಕ್ ವಾಗಿಮಾನ್. ಐದು" ಎಂದರು.

ಎರಡನೆಯ ಸಲ ವಾಗಿಮಾನರು ಮಗಳ ಕಡೆ ನೋಡಿದರು. ಅವಳ ಹಣೆ ಪೂರ್ತಿ ತಿದ್ದಿಯಾಗಿತ್ತು. ನಗು ತಡೆಯಲು ತುಟಿ ಕಚ್ಚಿದ್ದಳು, ಕಣ್ಣಲ್ಲಿ ನೀರು ನಿಂತಿತ್ತು. ಈ ಸಲ ಅವರು ಸರಿಯಾಗಿ ಹೇಳಿದರು. ದನಿ ಮಾತ್ರ ನಡುವೆ ಒಮ್ಮೆ ಮುರಿಯಿತು. ಹಂದೋಕೊ ಒಂದೇ ಉಸಿರಿಗೆ ಒಪ್ಪಿದ. ಸರಿ, ಸರಿ ಎಂದು ಚಪ್ಪರವೆಲ್ಲ ಕೂಗಿತು. ಖಾಜಿಗಳನ್ನು ಹನ್ನೊಂದರ ಮದುವೆಗೆ ಮುಟ್ಟಿಸಿ ಬಂದದ್ದೂ ದಾರ್ಸೊನೊ ಅವರ ಕಾರೇ.

ಮರುದಿನ ಬಿಸಿಲೇರಿದ ಮೇಲೆ ದಾರ್ಸೊನೊ ಒಬ್ಬರೇ ಬಂದರು. ಅಂಗಿ ಕಳಚಿ ಮಡಿಸಿಟ್ಟರು, ಒಳಗೆ ಹಳೆಯ ಬನಿಯನ್ನು. ಡಿಕ್ಕಿಯಿಂದ ಹೊಸ ಫಿಲ್ಟರು, ತಾವು ಹಾಕುವ ಸಾಧಾರಣ ಆಯಿಲಿನ ಡಬ್ಬಿ ತೆಗೆದರು. ಇಬ್ಬರೂ ಪಪ್ಪಾಯಿ ಬಣ್ಣದ ಕಾರಿನ ಕೆಳಗೆ ತೂರಿ, ಬೋಲ್ಟು ಬಿಚ್ಚಿ, ಬೋಗುಣಿ ಇಟ್ಟು, ಹೊರಗೆ ಬಂದು ನನ್ನ ಬೆಂಚಿನ ಮೇಲೆ ಕೂತರು. ಒಳಗಿನ ಗೇರ್ ಆಯಿಲು ಇಳಿಯತೊಡಗಿತು. ಇಳಿಯಿತು ಎನ್ನುವುದಕ್ಕಿಂತ ಇಳಿಯುವ ಯೋಚನೆ ಮಾಡಿತು ಎನ್ನಬೇಕು. ನಾನು ಟೀ ಕೊಟ್ಟೆ. ಅವರು ಕುಡಿದು ಲೋಟ ಇಟ್ಟಾಗ ಅದು ಹೊಳೆಯುವ ಕಪ್ಪು ದಾರವಾಗಿ ಬೋಗುಣಿಯ ಅರ್ಧ ದಾರಿಗೆ ಬಂದಿತ್ತು. ಇನ್ನೊಂದು ಸುತ್ತು ಟೀ ಕೊಟ್ಟೆ.

ವಾಗಿಮಾನರು ಆ ದಾರವನ್ನೇ ಬಹಳ ಹೊತ್ತು ನೋಡಿದರು. ನೋಡನೋಡುತ್ತ ಅವರ ಎದೆ ಉಬ್ಬಿತು.

"ಬೀಗರೇ, ನಿಜ ಹೇಳಿ. ಇಷ್ಟು ನಿಧಾನವಾಗಿ ಇಳಿಯೋ ಆಯಿಲು ಇಡೀ ವೊನೊಸೊಬೊದಲ್ಲಿ ಇನ್ಯಾರ ಕಾರಲ್ಲಿದೆ?"

ದಾರ್ಸೊನೊ ಟೀ ಲೋಟ ಕೆಳಗಿಟ್ಟು, ಬಗ್ಗಿ, ದಾರವನ್ನು ಕಣ್ಣಲ್ಲೇ ಅಳೆದರು.

"ಯಾರ ಕಾರಲ್ಲೂ ಇಲ್ಲ, ಬೀಗರೇ," ಎಂದರು.